ಕತ್ತಲನ್ನು ಒರೆಸದ ಕ್ಯಾಮೆರಾ

ನಮಸ್ಕಾರ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಹೊಸ್ತಿಲು ದಾಟಿದ ಕೂಡಲೇ ಏನೂ ಕಾಣುವುದಿಲ್ಲ. ಹೊರಗಿನ ಬಿಸಿಲು ಇನ್ನೂ ಕಣ್ಣಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ, ಜಾಲಂಧ್ರಗಳಿಂದ ಸೋಸಿ ಬರುವ ಬೆಳಕಿನಲ್ಲಿ ಒಂದೊಂದೇ ಕಂಬ ಎದ್ದು ಬರುತ್ತದೆ. ಮೊದಲು ಅಂಚಿನ ಹೊಳಪು, ಆಮೇಲೆ ಅದರ ದುಂಡು. ಅದೇ ಕಂಬವನ್ನು ನನ್ನ ಮೊಬೈಲ್‌ನಲ್ಲಿ ತೆಗೆದರೆ ಒಳಗುಡಿ ಮದುವೆ ಛತ್ರದಂತೆ ಬೆಳಗುತ್ತದೆ. ಮೊಬೈಲ್ ನಾಲ್ಕಾರು ಚಿತ್ರಗಳನ್ನು ಒಟ್ಟಿಗೆ ಹೆಣೆದು, ನೆರಳನ್ನೆಲ್ಲ ಎತ್ತಿ, ಕಲ್ಲಿನ ಮೈಯನ್ನು ಮೇಣದಂತೆ ನಯ ಮಾಡಿಬಿಡುತ್ತದೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ನಾನು ನಿಂತಿದ್ದ ಜಾಗ ಅದಲ್ಲ.

ಈ ಕೊರಗಿನಿಂದಲೇ ಪುಟ್ಟ ಕ್ಯಾಮೆರಾ ಒಂದನ್ನು ಕೊಂಡೆ. ರಿಕೋ ಜಿಆರ್ 4. ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 2025ರಲ್ಲಿ. ನನ್ನ ಕೈಗೆ ಬಂದು ಹತ್ತು ದಿನ. ಬ್ಯಾಟರಿ, ಕಾರ್ಡ್ ಸೇರಿ 262 ಗ್ರಾಂ, ಅಂದರೆ ಕಾಲು ಕಿಲೋ ಕಾಫಿಪುಡಿಯ ಪೊಟ್ಟಣದಷ್ಟು. ಅಂಗಿಯ ಜೇಬಿಗೆ ಭಾರವೇ, ಪ್ಯಾಂಟಿನ ಜೇಬಿಗೆ ಸಲೀಸು. ಒಳಗಿರುವುದು ಮಾತ್ರ ದೊಡ್ಡ ಕ್ಯಾಮೆರಾಗಳಲ್ಲಿ ಇರುವ ಎಪಿಎಸ್-ಸಿ ಅಳತೆಯ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಫಲಕ, ಸುಮಾರು 26 ಮೆಗಾಪಿಕ್ಸೆಲ್. ಜೂಮ್ ಇಲ್ಲ. 28 ಮಿಲಿಮೀಟರ್ ಲೆನ್ಸಿಗೆ ಸಮನಾದ ಒಂದೇ ಅಗಲ ನೋಟ, ಬೆಳಕಿಗೆ ಲೆನ್ಸ್ ತೆರೆಯುವುದು ಎಫ್ 2.8ರವರೆಗೆ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಫ್ಲ್ಯಾಶ್ ಕೂಡ ಇಲ್ಲ.

ಬೇಲೂರಿನಂಥ ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಊರುವಂತಿಲ್ಲ, ಕೈಯಲ್ಲೇ ಹಿಡಿದು ತೆಗೆಯಬೇಕು. ಈ ಕ್ಯಾಮೆರಾದ ಸೆನ್ಸರ್ ಕೈನಡುಕಕ್ಕೆ ಎದುರಾಗಿ ತಾನೇ ಸರಿದು ಸರಿದೂಗಿಸುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ತೆರೆದಿಟ್ಟು ತೆಗೆದೆ. ಚಿತ್ರ ತುಸು ಕಪ್ಪಾಗಿಯೇ ಬರಲೆಂದು ಎಕ್ಸ್‌ಪೋಷರ್ ಒಂದು ಮೆಟ್ಟಿಲು ಇಳಿಸಿದ್ದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ಕಂಬದ ಎಡಬದಿ ಕತ್ತಲಲ್ಲೇ ಇತ್ತು. ಬಲಬದಿಯಲ್ಲಿ, ತಿರುಗಣಿಯಲ್ಲಿ ಕಡೆದ ಬಳೆಯಂಥ ಸುತ್ತುಗಳ ಮೇಲೆ ಕೂದಲೆಳೆಯಷ್ಟು ಬೆಳಕು. ಒಂದು ಸುತ್ತಿನ ಅಂಚು ಉಗುರಿನಷ್ಟು ಚಕ್ಕೆ ಎದ್ದಿರುವುದು ಕೂಡ ಕಾಣಿಸಿತು. ಆ ಕಂಬದ ಪಕ್ಕದಲ್ಲಿ ಎಷ್ಟು ಸಲ ಹಾದುಹೋಗಿದ್ದೇನೋ, ಆ ಚಕ್ಕೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಹೊರಗೆ ಬಂದರೆ ಇದರ ಮಿತಿ ತಲೆಯ ಮೇಲೆಯೇ ಇದೆ. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು ಈ ಲೆನ್ಸಿಗೆ ಎಟುಕುವುದಿಲ್ಲ. ಅವರಿಗಾಗಿಯೇ ಬೇಲೂರಿಗೆ ಹೋಗುವವರು ಇದನ್ನು ಕೊಳ್ಳಬೇಡಿ, ಉದ್ದ ಜೂಮ್ ಇರುವುದನ್ನೇ ನೋಡಿ. ಹಳೇಬೀಡಿನಲ್ಲಿ ನನಗೆ ಆ ಕೊರತೆ ಕಾಡಲಿಲ್ಲ. ಅಲ್ಲಿಯ ಆನೆಗಳ ಸಾಲು ಗೋಡೆಯ ಬುಡದಲ್ಲೇ ಇದೆ. ಕುಕ್ಕರುಗಾಲಲ್ಲಿ ಕುಳಿತು ಹತ್ತಿರ ಹೋದಷ್ಟೂ ಚಿತ್ರ ಗಟ್ಟಿಯಾಗುತ್ತದೆ.

ಬೇಲೂರಿನ ಬೀದಿಯಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ, "ಅಕ್ಕಾ, ಒಂದು ಫೋಟೋ ತೆಗೆಯಲೇ?" "ತೆಗೆಯಿರಿ, ಹೂವು ಬಾಡಿದ ಹಾಗೆ ಕಾಣಬಾರದು, ಅಷ್ಟೇ" ಎಂದರು. ಇದರಲ್ಲಿ ಸ್ನ್ಯಾಪ್ ಫೋಕಸ್ ಎಂಬುದೊಂದಿದೆ. ದೂರವನ್ನು ಮೊದಲೇ ಗೊತ್ತು ಮಾಡಿಟ್ಟರೆ, ಗುಂಡಿ ಒತ್ತಿದಾಗ ಕ್ಯಾಮೆರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ. ಒಂದೂವರೆ ಮೀಟರ್‌ಗೆ ಇಟ್ಟುಕೊಂಡಿದ್ದೆ. ಅವರು ಬಾಳೆನಾರನ್ನು ಸುತ್ತಿ ಗಂಟು ಬಿಗಿಯುವ ಗಳಿಗೆ ಸರಿಯಾಗಿ ಸಿಕ್ಕಿತು. ಕನಕಾಂಬರ ಕನಕಾಂಬರದ ಬಣ್ಣದಲ್ಲೇ ಇತ್ತು, ಬೆಂಕಿ ಹತ್ತಿದ ಹಾಗೆ ಅಲ್ಲ. ಪರದೆ ನೋಡಿ ಅವರು ತಲೆಯಾಡಿಸಿದರು.

ಬ್ಯಾಟರಿಯ ಬಗ್ಗೆ ಹೇಳಲೇಬೇಕು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 250 ಚಿತ್ರ ಎಂದು ಕಂಪನಿಯೇ ಹೇಳುತ್ತದೆ. ದಿನವಿಡೀ ತಿರುಗುವವರು ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ.

ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ಮಾತು ಮಳೆ. ನೀರು, ದೂಳು ತಡೆಯುವ ಕಟ್ಟು ಇದಕ್ಕಿಲ್ಲ. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಇದನ್ನು ಕೊರಳಿಗೆ ಹಾಕಿಕೊಂಡು ಓಡಾಡಬೇಡಿ. ಇನ್ನು ಮನೆಯೊಳಗಿನ ಶೀತ. ನನ್ನ ಹಿಂದಿನ ಕ್ಯಾಮೆರಾವನ್ನು ಒಂದು ಮಳೆಗಾಲ ಚರ್ಮದ ಚೀಲದಲ್ಲಿಟ್ಟು ಮರೆತೆ. ದೀಪಾವಳಿಗೆ ತೆಗೆದಾಗ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹರಡಿತ್ತು. ಅದು ಮತ್ತೆ ಸರಿಯಾಗಲಿಲ್ಲ. ಇದರ ಲೆನ್ಸನ್ನು ಕಳಚಿ ಬೇರೆ ಹಾಕುವಂತೆಯೂ ಇಲ್ಲ. ಚರ್ಮ, ಬಟ್ಟೆ ಎರಡೂ ತೇವ ಹಿಡಿದಿಡುತ್ತವೆ. ಗಾಳಿ ಆಡದ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಅಷ್ಟು ಸಾಕು.

ಸದ್ಯಕ್ಕೆ ನಾನು ಕಾಯುತ್ತಿರುವುದು ಹೂಮಳೆಗೆ, ಕಾಫಿ ಗಿಡ ಹೂ ಬಿಡಿಸುವ ಮಳೆಗೆ. ಅದು ಬಿದ್ದ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಕಂದುತ್ತದೆ. ಈ ಲೆನ್ಸ್ ಮ್ಯಾಕ್ರೋದಲ್ಲಿ, ಅಂದರೆ ಸಣ್ಣದನ್ನು ಹತ್ತಿರದಿಂದ ತೆಗೆಯುವ ಬಗೆಯಲ್ಲಿ, ಆರು ಸೆಂಟಿಮೀಟರ್‌ವರೆಗೆ ಹತ್ತಿರ ಹೋಗುತ್ತದೆ. ಬೆಳಗಿನ ಏಳು ಗಂಟೆಗೆ, ಸಿಲ್ವರ್ ಓಕ್ ನೆರಳಿನಲ್ಲಿ, ಒಂದು ಗೊಂಚಲಿನ ಮುಂದೆ ಇದನ್ನು ಹಿಡಿದು ಕೂರುತ್ತೇನೆ. ಚಿತ್ರಗಳನ್ನು ಮುಂದಿನ ಸಲ ತೋರಿಸುತ್ತೇನೆ.