ಅಮ್ಮಾ, ಸ್ವಲ್ಪ ಫೋನ್ ಹಿಡ್ಕೋ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ಮಕ್ಕಳು ಫೋನಿನಲ್ಲಿ ನೋಡಿ ತಾವೂ ಮಾಡಲು ಹೊರಡುವ ಟ್ರೆಂಡು, ಚಾಲೆಂಜ್‌ಗಳ ಬಗ್ಗೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. 2019ರ ಫೆಬ್ರವರಿಯಲ್ಲಿ ‘ಮೊಮೊ’ ಅನ್ನೋ ಹೆಸರು ಎಲ್ಲರ ಬಾಯಲ್ಲೂ ಇತ್ತು, ನೆನಪಿದೆಯಾ? ಉಬ್ಬಿದ ಕಣ್ಣು, ಅಗಲಕ್ಕೆ ಸೀಳಿದ ಬಾಯಿ. ಮಕ್ಕಳ ವಿಡಿಯೋ ನಡುವೆ ಈ ಮುಖ ಬರುತ್ತದಂತೆ, ನಿನಗೆ ನೀನೇ ನೋವು ಮಾಡಿಕೋ ಅನ್ನುತ್ತದಂತೆ ಎಂದು ಸುದ್ದಿ. ನಾನು ಹೆದರಿ, ಚಿತ್ರದ ಸಮೇತ ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ‘ಎಲ್ಲ ತಾಯಂದಿರಿಗೂ ತಲುಪಿಸಿ’ ಅಂತ ಬೇರೆ ಬರೆದೆ. ಮಗಳಿಗೆ ಆಗ 9 ವರ್ಷ. ರಾತ್ರಿ ದಿಂಬು ಹಿಡಿದುಕೊಂಡು ಬಂದಳು. ‘ಅಮ್ಮಾ, ನಿನ್ನ ಫೋನಲ್ಲಿ ಅದನ್ನ ನೋಡ್ದೆ. ಇವತ್ತು ನಿನ್ನ ಹತ್ರಾನೇ ಮಲಗ್ತೀನಿ.’

ಆಮೇಲೆ ಗೊತ್ತಾಯಿತು. ಆ ಮುಖ ಜಪಾನಿನ ಕಲಾವಿದರೊಬ್ಬರು 2016ರಲ್ಲಿ ಪ್ರದರ್ಶನಕ್ಕಿಟ್ಟ ಬೊಂಬೆಯದು. ಇದರಿಂದ ಯಾವ ಮಗುವಿಗಾದರೂ ತೊಂದರೆಯಾಯಿತು ಅನ್ನೋದಕ್ಕೆ ಪುರಾವೆ ಇಲ್ಲ ಎಂದು ಬ್ರಿಟನ್ನಿನ ಮಕ್ಕಳ ರಕ್ಷಣೆಯ ಸಂಸ್ಥೆಗಳೇ ಹೇಳಿದವು. ಅದನ್ನು ಅಷ್ಟು ಹಬ್ಬಿಸಿದ್ದು ಮಕ್ಕಳಲ್ಲ. ನನ್ನಂಥ ದೊಡ್ಡವರು.

ಹಾಗಂತ ಎಲ್ಲವೂ ಬರೀ ಗಾಳಿಸುದ್ದಿ ಅಲ್ಲ. ಬಟ್ಟೆ ಒಗೆಯುವ ಸೋಪಿನ ದ್ರವ ತುಂಬಿದ ಬಣ್ಣದ ಪೊಟ್ಟಣ ಇರುತ್ತದಲ್ಲ, ಅದನ್ನು ಬಾಯಿಗೆ ಹಾಕಿಕೊಂಡು ಕಚ್ಚುವ ಚಾಲೆಂಜ್ 2018ರ ಆರಂಭದಲ್ಲಿ ಹಬ್ಬಿತು. ಬೇಕೆಂದೇ ಹೀಗೆ ಮಾಡಿಕೊಂಡ ಹದಿಹರೆಯದವರ ಬಗ್ಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2016ರಲ್ಲಿ ಇಡೀ ವರ್ಷಕ್ಕೆ 39 ಪ್ರಕರಣ ಬಂದಿದ್ದವು. 2018ರಲ್ಲಿ ಮೊದಲ 15 ದಿನಕ್ಕೇ 39. ಅದಕ್ಕೂ ಮುಂಚೆ ಚಕ್ಕೆ ಪುಡಿಯ ಸರದಿ. ಒಂದು ಚಮಚ ಒಣ ಪುಡಿಯನ್ನು ನೀರಿಲ್ಲದೆ ನುಂಗಬೇಕು. ಅಡುಗೆಮನೆಯ ವಸ್ತು, ಏನಾದೀತು ಅನಿಸುತ್ತದೆ. ಆದರೆ ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಕರಗುವುದಿಲ್ಲ. 2020ರಲ್ಲಿ ಅಲರ್ಜಿ ಮಾತ್ರೆಯನ್ನು ಅತಿಯಾಗಿ ನುಂಗುವ ಚಾಲೆಂಜ್ ಬಂತು. ಆಸ್ಪತ್ರೆ ಸೇರಿದವರು, ಸತ್ತವರು ಇದ್ದಾರೆ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ ಎಚ್ಚರಿಸಬೇಕಾಯಿತು.

ಮಕ್ಕಳಿಗೆ ಬುದ್ಧಿ ಇಲ್ವಾ? ಇದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಇಷ್ಟ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಕೆಲವರು ಒಬ್ಬರೇ ಆಡಿದರು. ಇನ್ನು ಕೆಲವರು ಪಕ್ಕದಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಆಡಿದರು. ಗೆಳೆಯರಿದ್ದಾಗ 13ರಿಂದ 16ರ ಮಕ್ಕಳು ಬಹಳ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅಪಾಯ ಗೊತ್ತಿಲ್ಲದೆ ಮಾಡುವುದಲ್ಲ. ಯಾರೋ ನೋಡುತ್ತಿದ್ದಾರೆ ಅಂತ ಮಾಡುವುದು. ಈಗ ಯೋಚಿಸಿ. ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕೂತ ಮಗುವಿನ ಕೈಯಲ್ಲಿ ಫೋನ್ ಇದ್ದರೆ, ಅದು ಒಂಟಿಯಾಗಿದೆಯಾ?

ಅದಕ್ಕೇ ನಾನು ಆ ನೋಡುವವರ ಸಾಲಿನಲ್ಲಿ ಒಂದು ಜಾಗ ಹಿಡಿಯಲು ನೋಡಿದೆ. ‘ಆ ಹಾಳು ವಿಡಿಯೋ ಬಿಡು’ ಅನ್ನುವ ಬದಲು ‘ನನಗೂ ತೋರ್ಸು’ ಅಂದೆ. ಮೊದಲ ವಾರ ಅನುಮಾನದಿಂದಲೇ ತೋರಿಸಿದಳು. ಆಮೇಲೆ ಇಬ್ಬರೂ ಪತ್ತೇದಾರರಾದೆವು. ಇದನ್ನು ಎಷ್ಟು ಸಲ ತೆಗೆದಿರಬಹುದು? ಎಲ್ಲಿ ಕತ್ತರಿಸಿ ಜೋಡಿಸಿದ್ದಾರೆ? ಚಿತ್ರ ತೆಗೆದವರು ಎಲ್ಲಿ ನಿಂತಿದ್ದರು? ಒಂದು ದಿನ ಅವಳೇ ಕೇಳಿದಳು, ‘ಗೆದ್ದವರೇ ಕಾಣ್ತಾರಲ್ಲ, ಬಿದ್ದವರ ವಿಡಿಯೋ ಎಲ್ಲಿ ಹೋಯ್ತು?’ ಈ ಪ್ರಶ್ನೆ ನಾನು ಕಲಿಸಿದ್ದಲ್ಲ.

ಇನ್ನೊಂದು ಗುಟ್ಟು. ಬೇಜಾರಿಂದ ನೋಡಿದರೂ ಸರಿ, ಒಂದು ವಿಡಿಯೋ ಕೊನೆವರೆಗೆ ನೋಡಿದರೆ ತೋರಿಸುವ ಆಪ್ ಅದನ್ನು ಇಷ್ಟ ಅಂತಲೇ ಲೆಕ್ಕ ಹಾಕಬಹುದು. ಮತ್ತೆ ಅಂಥದ್ದನ್ನೇ ತಂದು ಸುರಿಯುತ್ತದೆ. ‘ಆಸಕ್ತಿ ಇಲ್ಲ’ ಅನ್ನೋ ಆಯ್ಕೆ ಅದರೊಳಗೇ ಇರುತ್ತದೆ. ಮಕ್ಕಳಿಗೆ ತೋರಿಸಿಕೊಡಿ.

ನಮ್ಮ ಮನೆಯ ಒಪ್ಪಂದ ಇಷ್ಟೇ. ಇವತ್ತು ನೋಡಿದ್ದನ್ನು ನಾಳೆ ಮಾಡಬಹುದು. ಎಷ್ಟೋ ಆಸೆ ಬೆಳಗಾಗುವಷ್ಟರಲ್ಲಿ ತಣ್ಣಗಾಗುತ್ತದೆ. ಆದರೆ ನುಂಗುವುದು, ಉಸಿರು ಕಟ್ಟುವುದು, ಎತ್ತರಕ್ಕೆ ಹತ್ತುವುದು, ರಸ್ತೆ, ಬೆಂಕಿ ಇವಕ್ಕೆ ನಾಳೆಯೂ ಇಲ್ಲ. ಅಲ್ಲಿ ನಾನು ಚರ್ಚೆಗೇ ಕೂರುವುದಿಲ್ಲ. ಕುಣಿತ, ಹಾಡು, ಚಿತ್ರಕಲೆ ಎಷ್ಟು ಬೇಕಾದರೂ ಮಾಡಲಿ. 2014ರಲ್ಲಿ ತಲೆ ಮೇಲೆ ಬಕೆಟ್‌ಗಟ್ಟಲೆ ಐಸ್ ನೀರು ಸುರಿದುಕೊಂಡದ್ದೂ ಟ್ರೆಂಡೇ ಅಲ್ವಾ? ಎಎಲ್‌ಎಸ್ ಅನ್ನುವ ನರರೋಗಕ್ಕಾಗಿ ಅಮೆರಿಕದ ಒಂದೇ ಸಂಸ್ಥೆಗೆ ಅದರಿಂದ ಸುಮಾರು 11.5 ಕೋಟಿ ಡಾಲರ್ ಬಂತು. ಎಲ್ಲವೂ ಕೆಟ್ಟದ್ದು ಅಂದರೆ, ನಿಜವಾಗಿ ಕೆಟ್ಟದ್ದರ ಬಗ್ಗೆ ಹೇಳುವಾಗ ಮಕ್ಕಳು ಕಿವಿಗೊಡುವುದಿಲ್ಲ.

ಸದ್ದಿಲ್ಲದ ಟ್ರೆಂಡುಗಳೂ ಇವೆ. ಶಾಲೆಯ ಹೆಸರು ಕಾಣುವ ಸಮವಸ್ತ್ರದಲ್ಲಿ ಒಂದು ಫೋಟೋ. ‘ನಿಮ್ಮ ಮೊದಲ ನಾಯಿಯ ಹೆಸರೇನು, ಹುಟ್ಟಿದ ಊರು ಯಾವುದು’ ಅಂತ ಸುಮ್ನೆ ಕೇಳುವ ಒಂದು ಆಟ. ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳೂ ಇವೇ. ನಿಜ ಹೇಳಬೇಕೆಂದರೆ, ಇವುಗಳಲ್ಲಿ ಮಕ್ಕಳಿಗಿಂತ ನಾವೇ ಮುಂದು.

ಇಷ್ಟಾದರೂ ಮಗು ಏನೋ ನುಂಗಿಬಿಟ್ಟಿತು ಅನ್ನಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿ. ನುಂಗಿದ್ದರ ಪೊಟ್ಟಣವನ್ನೋ ಮಾತ್ರೆಯ ಹಾಳೆಯನ್ನೋ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ವೈದ್ಯರು ಮೊದಲು ಕೇಳುವುದು ಅದನ್ನೇ. ‘ಏನೇ ಆದ್ರೂ ಮೊದಲು ನನಗೆ ಹೇಳು, ಬೈಯೋದೆಲ್ಲ ಆಮೇಲೆ’ ಅಂತ ಇವತ್ತೇ ಮಾತು ಕೊಟ್ಟಿರಿ. ಬೈಗುಳದ ಹೆದರಿಕೆಯಿಂದ ಮಗು ಬಾಯಿ ಬಿಡದೆ ಕೂತ ಆ ಅರ್ಧ ಗಂಟೆ ಬಹಳ ದುಬಾರಿ.

ಮೊನ್ನೆ ಭಾನುವಾರ ಮಗಳು ‘ಅಮ್ಮಾ, ಸ್ವಲ್ಪ ಫೋನ್ ಹಿಡ್ಕೋ’ ಅಂದಳು. ಯಾವುದೋ ಕುಣಿತ. ಹಿಡಿದೆ. ಎರಡನೇ ಸಲ ನನ್ನನ್ನೂ ಎಳೆದುಕೊಂಡಳು. ನಾನು ಎಡಕ್ಕೆ ಅಂದರೆ ಬಲಕ್ಕೆ ಹೋದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹಾಕುವ ಮುಂಚೆ ಕೇಳಿದಳು, ‘ನಿನ್ನ ಮುಖಾನೂ ಇದೆ, ಹಾಕ್ಲಾ?’

ಬೇಡ ಅಂದೆ. ಹಾಕಲಿಲ್ಲ.

ನಮಸ್ಕಾರ.