ಮತ್ತೆ ಬಂತು ಎಂದರೆ ಮತ್ತೆ ಕೊಯ್ಯುವುದು ಅಂತಲ್ಲ

ಕೇಳುಗರಿಗೆ ನಮಸ್ಕಾರ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ನನ್ನ ಹತ್ತಿರ ಬರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇವತ್ತು ಮಾತಾಡುತ್ತೇನೆ. ವಿಷಯ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಹೆಸರು ಉದ್ದವಾಯಿತು, ಪ್ಯಾಂಕ್ರಿಯಾಸ್ ಅಂತಲೇ ಕರೆಯೋಣ. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡಂತೆ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ ಅದು.

ಆಪರೇಷನ್ ಆದವರಲ್ಲೂ ಹೆಚ್ಚಿನವರಿಗೆ ಈ ಕ್ಯಾನ್ಸರ್ ಮತ್ತೆ ಬರುತ್ತದೆ. ಬಹುಪಾಲು ಮೊದಲ 2 ವರ್ಷದಲ್ಲೇ. ಕೇಳಲು ಕಷ್ಟ, ಆದರೆ ಮುಚ್ಚಿಡುವುದಿಲ್ಲ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಮತ್ತೆ ಬಂತು ಎಂದರೆ ಮತ್ತೆ ಹೊಟ್ಟೆ ಕೊಯ್ಯುತ್ತಾರೆ ಅಂತಲ್ಲ. ಸೂಜಿಯಲ್ಲೇ ಮಾಡುವ ಕೆಲಸ ಎಷ್ಟೋ ಇದೆ. ಅದಕ್ಕೆ ನೀವು ಬೇಗ ಬರಬೇಕು.

ಶ್ರೀನಿವಾಸಪುರದ ಕಡೆಯ ಒಬ್ಬ ಮಾವಿನ ಬೆಳೆಗಾರರು. ಪ್ಯಾಂಕ್ರಿಯಾಸ್‌ನ ತಲೆಭಾಗವನ್ನು ಕತ್ತರಿಸಿ ತೆಗೆಯುವ ವಿಪ್ಪಲ್ ಆಪರೇಷನ್ ಆಗಿ ಒಂದೂವರೆ ವರ್ಷವಾಗಿತ್ತು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಇರಿಯುವಂಥ ನೋವು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಮುಂದಕ್ಕೆ ಬಾಗಿದರೆ ಈ ನೋವು ಸ್ವಲ್ಪ ತಗ್ಗುತ್ತದೆ. ಹಾಗಾಗಿ ತೋಟದ ಮನೆಯಲ್ಲಿ ಹಣ್ಣಿನ ಕ್ರೇಟು ಎರಡು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಬಾಗಿ, ಕೂತೇ ನಿದ್ದೆ ಮಾಡುತ್ತಿದ್ದರು. ಒಂದಲ್ಲ ಎರಡಲ್ಲ, ಮೂರು ತಿಂಗಳು! ಒಂದು ಬೆಳಗಿನ ಜಾವ ಹೆಂಡತಿ ಹೋಗಿ ನೋಡಿದ್ದಾರೆ. ನನ್ನ ಹತ್ತಿರ ಬಂದಾಗಲೂ ಅವರ ಮುಂಗೈ ಮೇಲೆ ಕ್ರೇಟಿನ ಗೀಟು ಹಾಗೇ ಇತ್ತು.

"ಯಾಕೆ ಯಜಮಾನ್ರೇ, ಇಷ್ಟು ದಿನ ಯಾಕೆ ಬರಲಿಲ್ಲ?" ಅಂದೆ. "ಬಂದ್ರೆ ಮತ್ತೆ ಕೊಯ್ತೀರ ಅಂತ ಸಾರ್. ಇನ್ನೊಂದು ಸಲ ಆ ಟೇಬಲ್ ಹತ್ತೋಕೆ ನನ್ ಕೈಲಿ ಆಗಲ್ಲ" ಅಂದರು.

ನಾವು ಕೊಯ್ಯಲಿಲ್ಲ. ಬೋರಲು ಮಲಗಿಸಿ, ಸಿಟಿ ಸ್ಕ್ಯಾನಿನಲ್ಲಿ ದಾರಿ ನೋಡಿಕೊಂಡು, ಬೆನ್ನಿನ ಕಡೆಯಿಂದ ಸಣ್ಣ ಸೂಜಿ ಇಳಿಸಿದೆವು. ಪ್ಯಾಂಕ್ರಿಯಾಸ್‌ನ ನೋವನ್ನು ಮೇಲಕ್ಕೆ ಸಾಗಿಸುವ ನರದ ಜಾಲ ಒಂದಿದೆ. ಅಲ್ಲಿಗೆ ಮೊದಲು ಮರಗಟ್ಟಿಸುವ ಔಷಧಿ, ಆಮೇಲೆ ಆಲ್ಕೋಹಾಲ್. ನರ ಸತ್ತರೆ ನೋವಿನ ಸುದ್ದಿ ಹೊರುವವರೇ ಇಲ್ಲ, ಅಲ್ವಾ? ಅವರು ಎಚ್ಚರವಾಗಿಯೇ ಇದ್ದರು. ಮುಂದಿನ ವಾರ ಬಂದಾಗ ಹೆಂಡತಿ, "ಅಂಗಾತ ಮಲಗಿ ಗೊರಕೆ ಹೊಡೆದರು ಸಾರ್" ಅಂತ ಹೇಳಿ ಅತ್ತುಬಿಟ್ಟರು. ಮೂರು ತಿಂಗಳು ಮುಂಚೆಯೇ ಬಂದಿದ್ದರೆ! ನನಗೆ ಈಗಲೂ ಸಂಕಟವಾಗುತ್ತದೆ.

ಹೇಳುತ್ತಾ ಹೊತ್ತಾಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಗಡ್ಡೆ ಮೊದಲಿದ್ದ ಜಾಗದಲ್ಲೇ ಚಿಕ್ಕದಾಗಿ ಬಂದರೆ, ಸುತ್ತ ಸೂಜಿ ನಿಲ್ಲಿಸಿ ಕ್ಷಣಮಾತ್ರದ ಕರೆಂಟ್ ಹೊಡೆತ ಕೊಡುವ ವಿಧಾನವಿದೆ. ಐಆರ್‌ಇ ಅಂತಾರೆ. ಕ್ಯಾನ್ಸರ್ ಜೀವಕೋಶದ ಪೊರೆ ತೂತಾಗಿ ಅದು ಸಾಯುತ್ತದೆ. ಶಾಖದಿಂದ ಸುಡುವ ಕೆಲಸ ಅಲ್ಲವಾದ್ದರಿಂದ ಪಕ್ಕದ ದೊಡ್ಡ ರಕ್ತನಾಳ ಉಳಿಯುತ್ತದೆ. ಲಿವರ್‌ನಲ್ಲಿ ಒಂದೆರಡೇ ಚುಕ್ಕೆ, 3 ಸೆಂಟಿಮೀಟರ್ ಒಳಗಿದ್ದರೆ, ಸೂಜಿಯಿಂದ ಕಾಯಿಸಿ ಸುಡಬಹುದು. ಕಾಮಾಲೆ ಬಂದರೆ ಪಕ್ಕೆಲುಬಿನ ನಡುವಿನಿಂದ ಲಿವರ್‌ಗೆ ಕೊಳವೆ ಇಳಿಸಿ ಪಿತ್ತ ಹೊರಬಿಡುತ್ತೇವೆ, ಮೈ ತುರಿಕೆ ಇಳಿಯುತ್ತದೆ. ಕೀಮೋ ಮಾತ್ರ ಬಿಡಬೇಡಿ. ಸೂಜಿ ಅದರ ಜೊತೆಗೆ, ಅದರ ಬದಲಿಗಲ್ಲ.

ಇದೆಲ್ಲ ಗಡ್ಡೆ ಚಿಕ್ಕದಿದ್ದಾಗ ಚೆನ್ನಾಗಿ ಆಗುತ್ತದೆ. ಬೆನ್ನುನೋವು ಬಂದರೆ, ತೂಕ ಇಳಿದರೆ, ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಸುಮ್ನೆ ಕೂರಬೇಡಿ. ಆಪರೇಷನ್ ಆದ ಮೊದಲ 2 ವರ್ಷ, 3ರಿಂದ 6 ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್ ಮತ್ತು ಸಿಎ 19-9 ಎಂಬ ರಕ್ತ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಬರಬಹುದು.

ಬರುವಾಗ ಫೈಲು ತನ್ನಿ. ಡಿಸ್ಚಾರ್ಜ್ ಕಾಗದ, ಬಯಾಪ್ಸಿ ವರದಿ, ಹಳೆಯ ಸ್ಕ್ಯಾನಿನ ಸಿಡಿ, ಎಲ್ಲವೂ. ಸಿಡಿ ಇಲ್ಲದಿದ್ದರೆ ಯಾವುದು ಹೊಸ ಗಡ್ಡೆ, ಯಾವುದು ಹಳೆಯ ಗಾಯದ ಕಲೆ ಅಂತ ಹೇಳುವುದೇ ಕಷ್ಟ. ಆ ಯಜಮಾನರ ಹೆಂಡತಿ ಒಂದು ಚೀಟಿಯನ್ನೂ ಬಿಡದೆ ಗೊಬ್ಬರದ ಚೀಲದಲ್ಲಿ ಸುತ್ತಿ ತಂದಿದ್ದರು. ಅದಕ್ಕೇ ಮಾರನೇ ದಿನವೇ ಸೂಜಿ ಹಾಕಲು ಸಾಧ್ಯವಾಯಿತು. ನಮಸ್ಕಾರ.