ಒದ್ದೆ ರೇಷ್ಮೆಯ ಮೇಲೆ ಬಂಗಾರ

ಕೇಳುಗರೆಲ್ಲರಿಗೂ ನಮಸ್ಕಾರ.

ರೇಷ್ಮೆ ಸೀರೆಯ ಜರಿ ಅಂಚನ್ನು ನೀವೂ ಕೈಯಿಂದ ಸವರಿ ನೋಡಿರುತ್ತೀರಿ, ಅಲ್ವಾ? ಅದು ಎಳೆ ಸೇರಿಸಿ ನೇಯ್ದ ಅಂಚು. ಎಳೆಯೇ ಇಲ್ಲದೆ, ಬಟ್ಟೆಗೆ ಬಣ್ಣ ಹಾಕಿದ ಹಾಗೆ ಬಂಗಾರವನ್ನೇ ಹಾಕಬಹುದಲ್ಲ ಎಂದು 1780ರಲ್ಲಿ ಬ್ರಿಟನ್ನಿನ ಒಬ್ಬ ಹೆಂಗಸಿಗೆ ಹೊಳೆಯಿತು. ಅವರ ಹೆಸರು ಎಲಿಜಬೆತ್ ಫುಲ್ಹೇಮ್. ಗಂಡನಿಗೂ ಸ್ನೇಹಿತರಿಗೂ ಹೇಳಿದರು. ಇದು ಆಗುವ ಮಾತಲ್ಲ ಎಂದುಬಿಟ್ಟರು ಅವರೆಲ್ಲ.

ಎಲಿಜಬೆತ್ ಬಿಡಲಿಲ್ಲ. ಚಿನ್ನದ ದ್ರಾವಣದಲ್ಲಿ ರೇಷ್ಮೆ ತುಂಡನ್ನು ಅದ್ದಿ, ಒಣಗಿಸಿ, ಹೈಡ್ರೋಜನ್ ಅನಿಲದಲ್ಲಿ ಇಟ್ಟರು. ಏನೂ ಆಗಲಿಲ್ಲ. ಅಂಥದ್ದೇ ತುಂಡನ್ನು ನೀರಿನಲ್ಲಿ ಒದ್ದೆ ಮಾಡಿ ಇಟ್ಟಾಗ ಬಂಗಾರದ ಹೊಳಪು ಮೂಡಿತು.

ಹೊಳಪು ಬಂತಲ್ಲ, ಸಾಕು ಎಂದು ಅಲ್ಲಿಗೇ ಬಿಡಬಹುದಿತ್ತು. ಅವರು ಮಾತ್ರ ಆ ನೀರಿನ ಹಿಂದೆ ಬಿದ್ದರು. ಅದು ಅಲ್ಲಿ ಏನು ಮಾಡುತ್ತಿದೆ? ಅವರು ಕೊಟ್ಟ ಉತ್ತರ ಇದು. ಅನಿಲದ ಹೈಡ್ರೋಜನ್ ನೀರಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಆಗ ನೀರಿನಿಂದ ಬಿಟ್ಟುಹೋದ ಹೈಡ್ರೋಜನ್ ಲೋಹದ ಜೊತೆಗಿದ್ದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಲೋಹ ಹೊಳೆಯುತ್ತದೆ. ಎಷ್ಟು ನೀರು ಒಡೆಯಿತೋ ಅಷ್ಟೇ ನೀರು ಮತ್ತೆ ಹುಟ್ಟುತ್ತದೆ!

ಕ್ರಿಯೆಯಲ್ಲಿ ಸೇರಿ, ಅದನ್ನು ನಡೆಸಿಕೊಟ್ಟು, ಕೊನೆಗೆ ಇದ್ದ ಹಾಗೇ ಉಳಿಯುವ ವಸ್ತುವನ್ನು ಇವತ್ತು ಶಾಲೆಯಲ್ಲಿ ವೇಗವರ್ಧಕ ಎಂದು ಕಲಿಸುತ್ತಾರೆ. ಈ ಬಗೆಯ ಕ್ರಿಯೆಗೆ ಸ್ವೀಡನ್ನಿನ ರಸಾಯನ ವಿಜ್ಞಾನಿ ಬೆರ್ಜೀಲಿಯಸ್ ಹೆಸರಿಟ್ಟದ್ದು 1835ರಲ್ಲಿ. ಫುಲ್ಹೇಮ್ ಅವರ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1794ರಲ್ಲಿ. ನಲವತ್ತೊಂದು ವರ್ಷ ಮೊದಲು.

ಅವರು ಹೇಳಿದ್ದೆಲ್ಲ ನಿಲ್ಲಲಿಲ್ಲ, ನಿಜ. ಉರಿಯುವುದಕ್ಕೆಲ್ಲ ನೀರು ಬೇಕೇ ಬೇಕು ಎಂದದ್ದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಪೂರ್ತಿ ಒಣಗಿಸಿದ ಕಾರ್ಬನ್ ಮಾನಾಕ್ಸೈಡ್ ಮತ್ತು ಆಮ್ಲಜನಕದ ಮಿಶ್ರಣ ಕಿಡಿ ತಾಗಿಸಿದರೂ ಸಿಡಿಯುವುದಿಲ್ಲ ಎಂದು 1880ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹೆರಾಲ್ಡ್ ಡಿಕ್ಸನ್ ತೋರಿಸಿದಾಗ, ನೀರಿನ ವಿಷಯ ಸುಮ್ನೆ ಹೇಳಿದ್ದಲ್ಲ ಎಂದು ಗೊತ್ತಾಯಿತು.

ಇಂಥ ಪುಸ್ತಕ ಯಾಕೆ ಮೂಲೆಗೆ ಬಿತ್ತು? 1810ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅದನ್ನು ಮತ್ತೆ ಅಚ್ಚು ಹಾಕಿದವರು ಮುಚ್ಚುಮರೆ ಇಲ್ಲದೆ ಬರೆದರು: ಹೆಣ್ಣೊಬ್ಬಳಿಂದ ಕಲಿಯುವುದಕ್ಕೆ ವಿಜ್ಞಾನದ ಅಹಂಕಾರ ಒಪ್ಪಲಿಲ್ಲ, ಎಂಬ ಅರ್ಥದಲ್ಲಿ. ಆ ಊರಿನ ರಸಾಯನಶಾಸ್ತ್ರ ಸಂಘ ಅವರನ್ನು ಗೌರವ ಸದಸ್ಯೆಯನ್ನಾಗಿ ಮಾಡಿಕೊಂಡಿತು. ಇದನ್ನು ಓದಿದಾಗ ನನಗೆ ತುಂಬಾ ಸಮಾಧಾನವಾಯಿತು.

ಆದರೂ ಆ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಮುನ್ನುಡಿಯ ಒಂದು ಸಣ್ಣ ವಿಷಯ. ತಮ್ಮ ವಿಧಾನವನ್ನು ಅವರು ನಕ್ಷೆಗಳ ಮೇಲೂ ಪ್ರಯೋಗ ಮಾಡಿದ್ದರು. ಊರುಗಳಿಗೆ ಬಂಗಾರ, ನದಿಗಳಿಗೆ ಬೆಳ್ಳಿ. ನದಿ ಎಲ್ಲಿ ಹುಟ್ಟಿತು, ಎಲ್ಲಿ ಹರಿಯಿತು ಎಂದು ಓದುವವರು ಕಣ್ಣು ನೋಯಿಸಿಕೊಂಡು ಹುಡುಕಬೇಕಿಲ್ಲ ಎಂದು ಬರೆದಿದ್ದಾರೆ.

ನಮಸ್ಕಾರ.